ಒಂದು ಗೆರೆಯನ್ನೂ ಮುಚ್ಚದೆ

ದನದ ಡಾಕ್ಟರು ಜನಾರ್ದನರು ಸುಳ್ಳು ಹೇಳುವುದಿಲ್ಲ ಎಂಬುದು ಗಡಿನಾಡಿನ ಪೈವಳಿಕೆಯ ಆ ವಾರ್ಡಿನಲ್ಲಿ ಮಕ್ಕಳಿಗೂ ಗೊತ್ತಿತ್ತು. ಇದರಿಂದ ಊರಿಗೆ ಉಪಕಾರದಷ್ಟೇ ಉಪದ್ರವವೂ ಆಗಿತ್ತೆನ್ನಬೇಕು. ಕರು ಹಾಕಿದ ದನ ಏಳದೆ ಮಲಗಿದರೆ ಬೇರೆ ಡಾಕ್ಟರುಗಳು "ನೋಡುವ, ಒಂದು ಬಾಟ್ಲಿ ಏರಿಸುವ" ಎಂದು ಮನೆಯವರ ಆಸೆಯನ್ನು ಸ್ವಲ್ಪ ಹೊತ್ತಾದರೂ ಉಳಿಸುತ್ತಾರೆ. ಇವರು ದನದ ಹಟ್ಟಿಯಿಂದ ಹೊರಗೆ ಬಂದು ಕೈಗೆ ಸಾಬೂನು ಹಚ್ಚುತ್ತಲೇ, "ಇದು ಉಳಿಯುವುದಿಲ್ಲ. ಸುಮ್ಮನೆ ಖರ್ಚು ಮಾಡಬೇಡಿ" ಎಂದುಬಿಡುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಅವರನ್ನು ಶಪಿಸುತ್ತಿದ್ದರು. ಮುಂದಿನ ಸಲ ದನ ಕೊಳ್ಳಲು ಹೋಗುವಾಗ ಅದೇ ಹೆಂಗಸರು ಇವರನ್ನೇ ಜೊತೆಗೆ ಕರೆಯುತ್ತಿದ್ದರು.

ಅಂಥ ಮನುಷ್ಯ ಸರಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಜಗಲಿಯಲ್ಲಿ ಕೂತು ಪೇಪರು ಓದಿಕೊಂಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಪಂಚಾಯತು ಚುನಾವಣೆ ಬಂತು. ಗುಡ್ಡದ ಮೇಲಿನ ಜಲ್ಲಿ ಕ್ರಷರಿನ ಲಾರಿಗಳು ಓಡಾಡಿ ವಾರ್ಡಿನ ರಸ್ತೆ ಹೊಂಡ ಬಿದ್ದಿತ್ತು. ಬಾವಿಯ ನೀರಿನ ಮೇಲೆ ಬಿಳಿ ಧೂಳು ಕೆನೆಗಟ್ಟುತ್ತಿತ್ತು. ದನಗಳು ಮನುಷ್ಯರ ಹಾಗೆ ಕೆಮ್ಮುತ್ತಿದ್ದವು. ಕ್ರಷರು ಪುರುಷೋತ್ತಮನದು, ವಾರ್ಡಿನ ಮೆಂಬರನೂ ಅವನೇ. ದೂರು ಕೊಡುವುದಾದರೆ ಯಾರ ಮೇಲೆ ಕೊಡಬೇಕೋ ಅವನ ಕೈಗೇ ಕೊಡಬೇಕು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಎದುರು ನಿಲ್ಲಲು ಯಾರಿಗೂ ಧೈರ್ಯವಿರಲಿಲ್ಲ. ಜನಾರ್ದನರು ಪಕ್ಷವಿಲ್ಲದೆ, ಇಸ್ತ್ರಿಪೆಟ್ಟಿಗೆಯ ಗುರುತಿನಲ್ಲಿ ನಿಂತರು.

ಹೆಂಡತಿ ಮೂಕಾಂಬಿಕಾ ಹೇಳಿದ್ದು ಒಂದೇ ಮಾತು: "ಮಕ್ಕಳು ಬರುವ ಹೊತ್ತಿಗೆ ಮನೆಯಲ್ಲಿ ಮೀಟಿಂಗು ಬೇಡ."

ಮಕ್ಕಳೆಂದರೆ ಊರಿನ ಮಕ್ಕಳು. ಇಂಗ್ಲಿಷು, ಮಲಯಾಳ ಶಾಲೆಗಳಿಗೆ ಹೋಗುವ ಮಕ್ಕಳಿಗೆ ಮನೆಯ ಮದುವೆ ಕಾಗದವನ್ನು ಓದುವಷ್ಟಾದರೂ ಕನ್ನಡ ಇರಲಿ ಎಂದು ತಾಯಂದಿರು ಸಂಜೆ ಅವರನ್ನು ಮೂಕಾಂಬಿಕಾಳ ಜಗಲಿಗೆ ಅಟ್ಟುತ್ತಿದ್ದರು. ಅವಳು ಚಾಪೆ ಹಾಸಿ, ಸಣ್ಣ ಹಲಗೆಯ ಮೇಲೆ ಅಕ್ಷರ ಬರೆದು, ಒಂದೊಂದು ಮಗುವಿನ ಕೈ ಹಿಡಿದು ತಿದ್ದಿಸುತ್ತಿದ್ದಳು. ಫೀಸು ಇಲ್ಲ. ಮಕ್ಕಳು ಹೋದ ಮೇಲೆ ಜಗಲಿ ಗುಡಿಸುವಾಗ ಅವಳು ಒಬ್ಬಳೇ ನಗುವುದನ್ನು ಜನಾರ್ದನರು ಕಿಟಕಿಯಿಂದ ನೋಡಿದ್ದರು. ತಮ್ಮ ಬದುಕಿನಲ್ಲಿ ಇಷ್ಟು ಬೆಲೆಯ ಇನ್ನೊಂದು ನೋಟವಿಲ್ಲ ಎಂದು ಅವರಿಗೆ ಅನಿಸುತ್ತಿತ್ತು.

ಯಾಕೆಂದರೆ ಆ ನಗುವಿನ ಹಿಂದೆ ಏನಿತ್ತೆಂದು ಅವರಿಗೆ ಗೊತ್ತಿತ್ತು. ವರ್ಷಗಳ ಹಿಂದೆ ಅವರಿಗೊಂದು ಹೆಣ್ಣು ಮಗು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಅದಾದ ಮೇಲೆ ಮೂಕಾಂಬಿಕಾಳಿಗೆ ಮಗು ಅಳುವುದು ಕೇಳತೊಡಗಿತು. ಅಟ್ಟದಿಂದ ಕೇಳುತ್ತದೆ, ಬಾವಿಯಿಂದ ಕೇಳುತ್ತದೆ ಎಂದು ಹುಡುಕಿಕೊಂಡು ಹೋಗುತ್ತಿದ್ದಳು. ಮಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದಳು. ಮೈಸೂರಿನ ಅಕ್ಕನ ಮನೆಗೆ ಹೋಗಿದ್ದಾಳೆ ಎಂದು ಊರಿಗೆ ಹೇಳಿದ್ದು ಅವಳ ತಾಯಿ. ಜನಾರ್ದನರು ಬಾಯಿ ತೆರೆಯಲಿಲ್ಲ, ಅಷ್ಟೇ. ಬಾಯಿ ತೆರೆಯದಿದ್ದರೆ ಅದು ಸುಳ್ಳಲ್ಲ ಎಂದು ಅವರು ತಮ್ಮ ಮಟ್ಟಿಗೆ ತೀರ್ಮಾನಿಸಿಕೊಂಡಿದ್ದರು. ಪ್ರಾಮಾಣಿಕರಿಗೂ ಇಂಥದೊಂದು ಹಿತ್ತಿಲ ಬಾಗಿಲು ಬೇಕಾಗುತ್ತದೆ.

ಊರಿಗೆ ಹೆದರಲು ಕಾರಣವಿತ್ತು. ಕೂಲಿ ಮಾಡುವ ಬಟ್ಯನ ತಾಯಿಗೆ ಮರ್ಲು, ಎಂದರೆ ಹುಚ್ಚು, ಎಂದು ಊರು ಒಮ್ಮೆ ಹೇಳಿದ ಮೇಲೆ ಆ ಮನೆಯ ಬಾವಿಯಿಂದ ಯಾರೂ ನೀರು ಸೇದಲಿಲ್ಲ. ಮುದುಕಿ ಸತ್ತು ಎಷ್ಟೋ ಕಾಲವಾಗಿದೆ. ಈಗಲೂ ಅದು 'ಮರ್ಲಿನ ಮನೆ'ಯೇ.

ಮೂಕಾಂಬಿಕಾ ದಿನಾ ಮಾತ್ರೆ ನುಂಗಿಕೊಂಡು, ಮಕ್ಕಳ ಕೈ ಹಿಡಿದು, ಮೆಲ್ಲ ಮೆಲ್ಲ ಬದುಕಿಗೆ ಮರಳಿದ್ದಳು. ಆ ಕಾಯಿಲೆಗೆ ಸರಕಾರಿ ಸರ್ಟಿಫಿಕೇಟು ಇತ್ತು. ಇಂಥ ಹೆಂಡತಿಯನ್ನು ನೋಡಿಕೊಳ್ಳುವವನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಉಂಟೆಂದು ಉಪ್ಪಳದ ಲೆಕ್ಕಿಗ ವಿಘ್ನೇಶ ಹೇಳಿದಾಗ ಜನಾರ್ದನರು ಒಪ್ಪಿದ್ದರು. ಕಟ್ಟಬೇಕಾದ್ದನ್ನು ಒಂದು ಪೈಸೆ ಬಿಡದೆ ಕಟ್ಟುವವನು ಕಾನೂನು ಕೊಟ್ಟದ್ದನ್ನು ಯಾಕೆ ಬಿಡಬೇಕು? ಅಂದಿನಿಂದ ಅವರ ರಿಟರ್ನಿನಲ್ಲಿ ಪ್ರತಿ ವರ್ಷ ಆ ಒಂದು ಗೆರೆ ಇರುತ್ತಿತ್ತು: ಅವಲಂಬಿತರ ಅಂಗವೈಕಲ್ಯ, ಸಂಬಂಧ ಹೆಂಡತಿ.

ಇನ್ನು ಆ ಸಭೆಯ ವಿಷಯ. ಮತದಾನಕ್ಕೆ ಮೊದಲು ಯುವಕ ಮಂಡಲದವರು ಇಬ್ಬರು ಸ್ಥಾನಾರ್ಥಿಗಳನ್ನೂ ಒಂದೇ ಕಡೆ ಕೂರಿಸಿ ಪ್ರಶ್ನೆ ಕೇಳುವ ಕಾರ್ಯಕ್ರಮ ಇಟ್ಟರು. ಮಂಡಲದ ಕಟ್ಟಡದಲ್ಲಿ ಕರೆಂಟು ಕೈಕೊಟ್ಟಿತು. ರಸ್ತೆಯ ಆಚೆ, ಊರು ಕಾಯುವ ಭೂತದ ಗುಡಿಯಾದ ದೈವಸ್ಥಾನದಲ್ಲಿ ಕರೆಂಟು ಇತ್ತು. ಕಾರ್ಯದರ್ಶಿ ಯೋಗೀಶ ಕುರ್ಚಿಗಳನ್ನೂ ಮೈಕನ್ನೂ ಅಲ್ಲಿಗೇ ಹೊರಿಸಿದ. ಇಂಥ ಜಾಗದಲ್ಲಿ ಚುನಾವಣೆಯ ಮಾತು ಕೂಡದೆಂದು ಯಾರೋ ಗೊಣಗಿದಾಗ, "ಅಂಗಳ ಅಲ್ವಾ ಮಾರಾಯ, ಗುಡಿಯ ಒಳಗೆ ಅಲ್ಲವಲ್ಲ" ಎಂದ.

ಜನಾರ್ದನರಿಗೆ ಮೈಕು ಸಿಕ್ಕಿದರೆ ದನವನ್ನು ಪರೀಕ್ಷಿಸಿದಷ್ಟೇ ನೇರ. "ನಾಮಪತ್ರ ಕೊಡುವಾಗ ಆಸ್ತಿ ಎಷ್ಟು, ಸಾಲ ಎಷ್ಟು ಅಂತ ನಾವಿಬ್ಬರೂ ಬರೆದುಕೊಟ್ಟಿದ್ದೇವೆ. ಅದು ಸಾಕಾ? ಆ ಆಸ್ತಿ ಎಲ್ಲಿಂದ ಬಂತು ಅಂತ ಅದರಲ್ಲಿ ಎಲ್ಲಿ ಉಂಟು? ಊರಿನ ತೆರಿಗೆ ದುಡ್ಡು ಖರ್ಚು ಮಾಡ್ಲಿಕ್ಕೆ ಹೊರಟವ ತಾನು ತೆರಿಗೆ ಕಟ್ಟಿದ್ದಾನಾ ಇಲ್ವಾ ಅಂತ ಊರಿಗೆ ಗೊತ್ತಾಗ್ಬೇಡ್ವಾ? ಆದಾಯ ತೆರಿಗೆಯ ರಿಟರ್ನನ್ನೇ ಜನರ ಮುಂದೆ ಇಡಬೇಕು. ಕಾನೂನು ಕೇಳದಿದ್ರೆ ನಾವು ಕೇಳುವ."

ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಎಂಥವರ ತಲೆಗೂ ಏರುತ್ತದೆ.

"ನಾನು ಇಡ್ತೇನೆ," ಎಂದರು ಜನಾರ್ದನರು. "ಇಡೀ ರಿಟರ್ನ್. ಒಂದು ಗೆರೆಯನ್ನೂ ಮುಚ್ಚದೆ. ಪುರುಷೋತ್ತಮನೂ ಇಡಲಿ, ನೋಡುವ!"

ಪುರುಷೋತ್ತಮ ನಿಧಾನಕ್ಕೆ ಎದ್ದ. ಗಲ್ಫಿನಲ್ಲಿ ದುಡಿದು ಬಂದವನು, ಅವಸರ ಮಾಡಿ ಕೆಟ್ಟವನಲ್ಲ. "ಡಾಕ್ಟ್ರು ನಿಂತ ಜಾಗ ಯಾವುದು ಅಂತ ನೋಡಿದ್ರಾ?" ಎಂದು ಜನರನ್ನು ಕೇಳಿದ. "ದೈವದ ಅಂಗಳ. ಇಲ್ಲಿ ಆಡಿದ ಮಾತು ಗಾಳಿಗೆ ಹೋಗುವುದಿಲ್ಲ. ಆಯ್ತು, ನಾನು ಒಪ್ಪಿದೆ. ಮಂಗಳವಾರ ದೈವಕ್ಕೆ ವರ್ಷದ ತಂಬಿಲ ಉಂಟಲ್ಲ, ಪೂಜೆ ಆದ ಮೇಲೆ ಇಲ್ಲೇ ಓದುವ. ನನ್ನದೂ, ಅವರದೂ."

ಹೊರಗಿನವರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ಕೋರ್ಟಿನಲ್ಲಿ ಕೊಳೆತ ಗಡಿ ತಕರಾರುಗಳು ಆ ಅಂಗಳದಲ್ಲಿ ಒಂದು ಮಾತಿನಿಂದ ಮುಗಿದದ್ದುಂಟು. ಅಲ್ಲಿ ಕೊಟ್ಟ ಮಾತಿಗೆ ತಪ್ಪಿದವನು ದೈವದ ಮುಂದೆ ತೆಂಗಿನಕಾಯಿ, ಕಾಸು ಇಟ್ಟು ತಲೆ ಬಾಗಬೇಕು. ಅದಕ್ಕೆ ತಪ್ಪುಕಾಣಿಕೆ ಎನ್ನುತ್ತಾರೆ. ದೈವ ಕ್ಷಮಿಸುತ್ತದೆ. ಊರು ಕ್ಷಮಿಸುವುದಿಲ್ಲ.

ಮನೆಗೆ ಬರುವಾಗ ಜನಾರ್ದನರಿಗೆ ಗೆದ್ದಷ್ಟೇ ಖುಷಿ. ಮರುದಿನ ಜೆರಾಕ್ಸ್ ಮಾಡಿಸಲೆಂದು ಕಡತ ತೆಗೆದಾಗ ಆ ಗೆರೆ ಕಣ್ಣಿಗೆ ಬಿತ್ತು. ಅದು ಅಲ್ಲಿದೆಯೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಮೈಕಿನ ಮುಂದೆ ತಾವು ಕಟ್ಟಿದ ತೆರಿಗೆ ಮಾತ್ರ ನೆನಪಿತ್ತು, ಪಡೆದ ವಿನಾಯಿತಿ ನೆನಪಾಗಿರಲಿಲ್ಲ. ಅವರು ಕಡತವನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತರು.  ಕಾಯಿಲೆಯ ಹೆಸರು ಅಲ್ಲಿಲ್ಲ, ನಿಜ. ಆದರೆ ಮೂಕಾಂಬಿಕಾಳಿಗೆ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಕೈಕಾಲು ಗಟ್ಟಿ ಇದೆ. ಉಳಿದದ್ದು ಏನೆಂದು ಊರು ಒಂದು ಗ್ಲಾಸು ಚಹಾ ಮುಗಿಯುವುದರೊಳಗೆ ಲೆಕ್ಕ ಹಾಕುತ್ತದೆ.

ಉಪ್ಪಳಕ್ಕೆ ಓಡಿದರು. ವಿಘ್ನೇಶ ಗುಟ್ಟು ಕಾಯುವ ಮನುಷ್ಯ, ಒಳ್ಳೆಯವನು ಕೂಡ. "ಮೊದಲ ಪುಟ ಮಾತ್ರ ಇಡಿ ಡಾಕ್ಟ್ರೇ, ಅದರಲ್ಲಿ ಬರೀ ಒಟ್ಟು ಮೊತ್ತ ಇರ್ತದೆ" ಎಂದ.

"ಇಡೀ ರಿಟರ್ನ್ ಅಂತ ಹೇಳಿಬಿಟ್ಟಿದ್ದೇನೆ."

"ಆ ಒಂದು ಗೆರೆಗೆ ಕಪ್ಪು ಎಳೆಯುವ."

"ಕಪ್ಪು ಎಳೆದದ್ದನ್ನೇ ಜನ ಮೊದಲು ಓದುವುದು, ಮಾರಾಯ."

ವಿಘ್ನೇಶ ಧ್ವನಿ ತಗ್ಗಿಸಿದ. "ಹಾಗಾದ್ರೆ ಆ ಗೆರೆ ಇಲ್ಲದ್ದು ಒಂದು ನಾನೇ ಟೈಪ್ ಮಾಡಿ ಕೊಡ್ತೇನೆ. ಯಾರಿಗೆ ಗೊತ್ತಾಗ್ತದೆ?"

ಜನಾರ್ದನರು ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವನಿಗೇ ನಾಚಿಕೆಯಾಗಿ ಪೆನ್ನಿನ ಮುಚ್ಚಳ ಹುಡುಕತೊಡಗಿದ.

"ಪುರುಷೋತ್ತಮನದ್ದರಲ್ಲಿ ಎಂತ ಇರ್ತದೆ?" ಎಂದು ಎದ್ದು ಹೊರಡುವಾಗ ಕೇಳಿದರು.

"ಎಂತ ಇರ್ತದೆ? ಕ್ರಷರು ಹೆಂಡತಿ ಪುಷ್ಪಾವತಿಯಕ್ಕನ ಹೆಸರಿನಲ್ಲಿ. ಲಾರಿಗಳು ತಮ್ಮನ ಹೆಸರಿನಲ್ಲಿ, ತಮ್ಮ ಇರುವುದು ದುಬಾಯಿಯಲ್ಲಿ. ಇವನ ಹೆಸರಿನಲ್ಲಿ ಒಬ್ಬ ಪಾಪದವನ ರಿಟರ್ನ್ ಬರ್ತದೆ, ನೋಡಿ ನೀವು."

ಕಳ್ಳನನ್ನು ಹಿಡಿಯಲು ಒಡ್ಡಿದ ಬಲೆಯಲ್ಲಿ ಕಳ್ಳ ಬೀಳುವುದಿಲ್ಲ, ಅವನಿಗೆ ಬಲೆಯ ತೂತು ಎಲ್ಲೆಲ್ಲಿ ಎಂದು ಗೊತ್ತಿರುತ್ತದೆ. ಜನಾರ್ದನರಿಗೆ ಇದು ಹೊಳೆದಾಗ ತಡವಾಗಿತ್ತು. ಹಾಗೆಂದು ತಾವು ಸಭೆಯಲ್ಲಿ ಕೇಳಿದ್ದು ತಪ್ಪು ಎಂದೂ ಅವರಿಗೆ ಅನಿಸಲಿಲ್ಲ. ಈಗಲೂ ಬೇರೆ ಯಾವ ಸ್ಥಾನಾರ್ಥಿಯೇ ಆಗಲಿ, ರಿಟರ್ನ್ ತೋರಿಸು ಎಂದೇ ಅವರು ಕೇಳುತ್ತಿದ್ದರು. ಅವರನ್ನು ಕಟ್ಟಿಹಾಕಿದ್ದು ಅದೇ.

ಸಂಜೆ ಮನೆಗೆ ಬಂದಾಗ ಜಗಲಿಯ ತುಂಬ ಮಕ್ಕಳು. ಆಚೆ ಮನೆಯ ಭವ್ಯಶ್ರೀಯ ಚಿಕ್ಕ ಮಗಳು ಉಜ್ವಲಾ 'ಅ' ಅಕ್ಷರವನ್ನು ಹಿಂದು ಮುಂದಾಗಿ ಬರೆದು ಎಲ್ಲರಿಗೂ ತೋರಿಸುತ್ತಿದ್ದಳು. ಮೂಕಾಂಬಿಕಾ ಗದರಿಸದೆ ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ತಿದ್ದಿಸುತ್ತಿದ್ದಳು. ಗಂಡನನ್ನು ಕಂಡು ತಲೆಯೆತ್ತಿದಳು. ಏನೋ ಕೇಳುತ್ತಾರೆಂದು ಕಾಯುವವಳ ಹಾಗೆ ಸ್ವಲ್ಪ ಹೊತ್ತು ನೋಡಿದಳು. ಸಭೆಯ ಸುದ್ದಿ ತಾಯಂದಿರ ಬಾಯಿಂದ ಅವಳಿಗೂ ಮುಟ್ಟಿತ್ತು. ಆ ಗೆರೆ ಅವಳಿಗೂ ಗೊತ್ತಿತ್ತು.

ಕೇಳಬೇಕಿತ್ತು. ಜನಾರ್ದನರು ಕೇಳಲಿಲ್ಲ. ಹೆಂಡತಿಯನ್ನು ಕಾಪಾಡುವುದೆಂದರೆ ಅವಳಿಗೆ ಗೊತ್ತಾಗದಂತೆ ಕಾಪಾಡುವುದು ಎಂದು ತಿಳಿದ ಗಂಡಸರ ಸಾಲಿಗೆ ಅವರೂ ಸೇರಿದವರು. ಚಪ್ಪಲಿ ಬಿಟ್ಟು ಒಳಗೆ ಹೋದರು. ಅಲ್ಲಿಗೆ ನಿರ್ಧಾರವಾಗಿತ್ತು.

ಮಂಗಳವಾರ ತಂಬಿಲ ಮುಗಿದ ಮೇಲೆ ಪುರುಷೋತ್ತಮನ ಮಗ ಅಕ್ಷಿತ್ ಮೈಕು ಹಿಡಿದು ತಂದೆಯ ರಿಟರ್ನನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಒಂದು ಗೂಡಂಗಡಿಯವನಿಗೂ ಅದಕ್ಕಿಂತ ಹೆಚ್ಚು ಆದಾಯ ಇದ್ದೀತು. ಅವನ ಕ್ರಷರಿನಲ್ಲೇ ಕಲ್ಲು ಹೊರುವವರು ಎದುರಿಗೆ ಕೂತಿದ್ದರು. ಅವರಿಗೆ ಗೊತ್ತಿಲ್ಲದ್ದು ಏನಿತ್ತು? ಆದರೂ ಚಪ್ಪಾಳೆ ಹೊಡೆದರು. ಕಾಗದ ಕಾಗದವೇ, ಸೀಲು ಸೀಲೇ.

"ಇನ್ನು ಡಾಕ್ಟ್ರದ್ದು" ಎಂದ ಯೋಗೀಶ.

ಜನಾರ್ದನರು ಬರಿಗೈಯಲ್ಲಿ ಎದ್ದು ನಿಂತರು. "ನಾನು ತರಲಿಲ್ಲ."

"ಮರೆತುಹೋಯ್ತಾ? ಯಾರಾದ್ರೂ ಬೈಕಿನಲ್ಲಿ ಹೋಗಿ ತರ್ಲಿ."

"ಮರೆತದ್ದಲ್ಲ. ಇಡುವುದಿಲ್ಲ."

"ಯಾಕೆ?"

ಮನೆಯ ವಿಷಯ ಉಂಟು ಎಂದರೆ ಸಾಕಿತ್ತು, ಊರು ಮನೆಯ ಕಡೆಗೇ ಕಣ್ಣು ತಿರುಗಿಸುತ್ತಿತ್ತು. ಅವರು ಬಾಯಿ ಮುಚ್ಚಿಕೊಂಡರು. ಹಿಂದಿನಿಂದ ಒಬ್ಬ ಕೂಗಿದ, "ಸತ್ತ ದನಗಳ ಇನ್ಶೂರೆನ್ಸಿಗೆ ಸೈನು ಹಾಕಿ ಎಷ್ಟು ನುಂಗಿದ್ದು ಡಾಕ್ಟ್ರೇ?" ಜನ ನಕ್ಕರು. ಯಾರ ಹಟ್ಟಿಯಲ್ಲಿ ಡಾಕ್ಟರು ಮಳೆಗಾಲದ ನಡುರಾತ್ರಿ ಕಂದೀಲು ಹಿಡಿದು ಕರು ಎಳೆದಿದ್ದರೋ ಅವರೂ ನಕ್ಕರು.  ಜನಾರ್ದನರು ಅವಮಾನಕ್ಕೆ ಸಿದ್ಧವಾಗಿ ಬಂದಿದ್ದರು, ಆ ನಗುವಿಗೆ ಸಿದ್ಧವಾಗಿರಲಿಲ್ಲ.

"ಬಿಡಿ, ಪಾಪ" ಎಂದ ಪುರುಷೋತ್ತಮ, ತುಂಬ ಮರುಕದಿಂದ. "ದೈವಕ್ಕೆ ತಪ್ಪುಕಾಣಿಕೆ ಇಟ್ಟುಬಿಡ್ಲಿ. ನಮಗೆಂತ?"

ಅವರು ತೆಂಗಿನಕಾಯಿ ಇಟ್ಟು ತಲೆ ಬಾಗಿದರು. ಇನ್ನು ಯಾವ ಕೋರ್ಟೂ ಬೇಡ. ಡಾಕ್ಟರು ಕದ್ದದ್ದನ್ನು ದೈವದ ಮುಂದೆ ಒಪ್ಪಿಕೊಂಡರು ಎಂಬಲ್ಲಿಗೆ ಊರಿನ ತೀರ್ಪು ಮುಗಿಯಿತು.

ಮನೆಯಲ್ಲಿ ಮೂಕಾಂಬಿಕಾ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಲಾರದೆ ಅವರು, "ಮುಗೀತು" ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದರು. ಪರವಾಗಿಲ್ಲ, ಜಗಲಿ ಉಳಿಯಿತು, ಕಳ್ಳ ಎನಿಸಿಕೊಂಡು ಬದುಕಬಹುದು ಎಂದು ತಮಗೆ ತಾವೇ ಹೇಳಿಕೊಂಡರು.

ಮರುದಿನ ಸಂಜೆ ಮೂಕಾಂಬಿಕಾ ಚಾಪೆ ಹಾಸಿ ಕೂತಳು. ಒಂದು ಮಗುವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜನಾರ್ದನರು ಭವ್ಯಶ್ರೀಯ ಮನೆಗೆ ಹೋದರು. ಅವಳು ಅರ್ಧ ಬಾಗಿಲ ಹಿಂದೆ ನಿಂತು, ನೆಲ ನೋಡುತ್ತ ಮಾತಾಡಿದಳು.

"ತಪ್ಪುಕಾಣಿಕೆ ಇಟ್ಟ ಮನೆ ಅಲ್ವಾ ಡಾಕ್ಟ್ರೇ. ಮುಂದಿನ ವರ್ಷದ ತಂಬಿಲ ಕಳೆಯುವವರೆಗೆ ಮಕ್ಕಳು ಆ ಮೆಟ್ಟಿಲು ಹತ್ತುವುದು ಬೇಡ ಅಂತ ಅತ್ತೆ ಹೇಳ್ತಾರೆ. ಅಕ್ಷಿತ್ ಕೂಡ ಮನೆ ಮನೆಗೆ ಬಂದು ಹೇಳಿ ಹೋದ. ನಮ್ಮವರು ಕೆಲಸಕ್ಕೆ ಹೋಗುವುದು ಕ್ರಷರಿಗೇ ಅಲ್ವಾ... ಅಕ್ಕನಿಗೆ ಬೇಜಾರು ಮಾಡಬೇಡಿ ಅಂತ ಹೇಳಿ."

ಬರುವ ದಾರಿಯಲ್ಲಿ ಅವರು ಲಾರಿಯ ಧೂಳಿನ ನಡುವೆ ಮೋರಿಕಟ್ಟೆಯ ಮೇಲೆ ಕೂತುಬಿಟ್ಟರು. ಎರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಂಡೆ ಎಂದುಕೊಂಡಿದ್ದರು. ಎರಡೂ ಹೋಗಿತ್ತು.

ಮನೆಗೆ ಬಂದಾಗ ಮೂಕಾಂಬಿಕಾ ಖಾಲಿ ಚಾಪೆಯ ಮೇಲೆ ಇದ್ದಳು. "ಅವರಿಗೆ ಗೊತ್ತಾಯ್ತು, ಅಲ್ವಾ?" ಎಂದು ಕೇಳಿದಳು.

"ಇಲ್ಲ. ನಾನು ಇಡಲೇ ಇಲ್ಲ, ಮೂಕಾಂಬಿಕಾ. ಕಾಗದ ಕಪಾಟಿನಲ್ಲೇ ಉಂಟು, ನೋಡು. ನನ್ನನ್ನು ಕಳ್ಳ ಅಂತ ತಿಳಿದು ಮಕ್ಕಳನ್ನು ಬಿಡಿಸಿದ್ದು."

ಅವಳು ಮೆಲ್ಲನೆ ತಲೆಯಾಡಿಸಿದಳು. ಬುದ್ಧಿ ಕೆಟ್ಟವಳ ಮಾತಲ್ಲ ಅದು. ಅಷ್ಟು ಸರಿಯಾಗಿ ಯೋಚಿಸಿದ ಮಾತು. "ಕಳ್ಳರ ಮನೆಗೆ ಈ ಊರಿನಲ್ಲಿ ಯಾರು ಹೋಗದೆ ಕೂತದ್ದುಂಟು? ಪುರುಷೋತ್ತಮನ ಜಗಲಿ ತುಂಬ ಜನ ಇರುವುದಿಲ್ವಾ? ಜನ ಹೋಗದೆ ಇರುವುದು ಬಟ್ಯನ ಮನೆಗೆ ಮಾತ್ರ."

"ನಾನು ಇಡಲಿಲ್ಲ ಅಂತ ಹೇಳ್ತಿದ್ದೇನಲ್ಲ!"

"ದೈವದ ಅಂಗಳದಲ್ಲಿ ಮಾತು ಕೊಟ್ಟಿದ್ರಿ. ಸಾಯುವ ದನಕ್ಕೂ ಸುಳ್ಳು ಹೇಳದ ಮನುಷ್ಯ, ದೈವಕ್ಕೆ ಮಾತು ತಪ್ಪುತ್ತೀರಾ? ಇಟ್ಟಿದ್ದೀರಿ. ನನಗೆ ಬೇಜಾರಾಗ್ತದೆ ಅಂತ ಈಗ ಇಲ್ಲ ಅಂತೀರಿ." ಚಾಪೆಯ ಅಂಚು ಮಡಚುತ್ತ ಹೇಳಿದಳು, "ಇಡಿ ಅಂತಲೇ ನಾನು ಹೇಳ್ತಿದ್ದೆ. ನನ್ನನ್ನು ಒಂದು ಮಾತು ಕೇಳ್ತೀರಿ ಅಂತ ಕಾದಿದ್ದೆ."

 ಬದುಕಿಡೀ ಸತ್ಯ ಹೇಳಿ ಗಳಿಸಿದ ಹೆಸರು ಈಗ ಜನಾರ್ದನರ ಸತ್ಯವನ್ನೇ ನಂಬದಂತೆ ಮಾಡಿತ್ತು.

ಅಂದಿನಿಂದ ಅವಳು ಮಾತ್ರೆ ಬಿಟ್ಟಳು. ಅಂಗೈಯಲ್ಲಿ ಇಟ್ಟುಕೊಟ್ಟರೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಡುತ್ತಿದ್ದಳು. "ಊರಿಗೆಲ್ಲ ಗೊತ್ತಾದ ಮೇಲೆ ಇದು ಯಾರಿಗಾಗಿ?" ಎನ್ನುತ್ತಿದ್ದಳು. ಮಂಗಳೂರಿನ ಡಾಕ್ಟರಲ್ಲಿಗೆ ಹೋಗುವ ಎಂದರೆ, "ಎಲೆಕ್ಷನ್ ಮುಗೀಲಿ, ನೀವು ಕೆಲಸ ಬಿಟ್ಟು ಬರುವುದು ಬೇಡ" ಎಂದು ನಯವಾಗಿ ಹೇಳಿ ಒಳಗೆ ಹೋಗುತ್ತಿದ್ದಳು. ಚುನಾವಣೆಯ ಕೆಲಸವೆಂದು ಜನಾರ್ದನರಿಗೆ ಉಳಿದದ್ದೇನೂ ಇರಲಿಲ್ಲ. ಅವರ ಪೋಸ್ಟರುಗಳ ಇಸ್ತ್ರಿಪೆಟ್ಟಿಗೆಯ ಮೇಲೆ ಯಾರೋ ಸೆಗಣಿ ಮೆತ್ತಿದ್ದರು.

ಫಲಿತಾಂಶದ ದಿನ ಗೆದ್ದ ಪುರುಷೋತ್ತಮನ ಜೀಪುಗಳು ಡಾಕ್ಟರ ಗೇಟಿನ ಎದುರು ಬೇಕೆಂದೇ ನಿಂತವು. ಸರಮಾಲೆ ಪಟಾಕಿ ಅಂಗಳದೊಳಕ್ಕೆ ಬಿತ್ತು. ಜನಾರ್ದನರು ಹೆಂಡತಿಯ ಕಿವಿಗಳನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿಕೊಂಡು ಒಳಕೋಣೆಯಲ್ಲಿ ಕೂತರು. ಅವಳು ಅಲುಗಾಡದೆ ಕೂತಿದ್ದಳು. ನಾಳೆ ಬೆಳಗ್ಗೆ, ಒಪ್ಪಲಿ ಬಿಡಲಿ, ಇವಳನ್ನು ಮಂಗಳೂರಿಗೆ ಕರೆದುಕೊಂಡು ಹೋಗುವುದೇ ಎಂದು ಅವರು ಗಟ್ಟಿ ಮಾಡಿಕೊಂಡರು.

ಗದ್ದಲ ದೂರವಾದ ಮೇಲೆ ಮೂಕಾಂಬಿಕಾ ಎದ್ದು ಮುಖ ತೊಳೆದಳು, ಕುಂಕುಮ ಇಟ್ಟಳು, ತಲೆ ಬಾಚಿದಳು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಹಿಡಿದುಕೊಂಡು ಬಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಇತ್ತು.

"ಬಾಗಿಲು ತೆಗೀರಿ" ಎಂದಳು. "ಮಕ್ಕಳು ಬಂದಿದ್ದಾರೆ. ಕೇಳುವುದಿಲ್ವಾ ನಿಮಗೆ? ಉಜ್ವಲಾ ಆಗಿನಿಂದ ಕೂಗ್ತಾ ಇದ್ದಾಳೆ."

ಜನಾರ್ದನರು ಬಾಗಿಲು ತೆಗೆದರು. ಅಂಗಳದಲ್ಲಿ ಪಟಾಕಿಯ ಕೆಂಪು ಕಾಗದದ ಚೂರುಗಳು ಬಿದ್ದಿದ್ದವು. ಗೇಟು ಹಾಕಿಯೇ ಇತ್ತು. ಜಗಲಿಯಲ್ಲಿ ಯಾರೂ ಇರಲಿಲ್ಲ.

"ಬಂದಿದ್ದಾರಲ್ವಾ?" ಹಿಂದಿನಿಂದ ಅವಳು ಕೇಳಿದಳು.

ಸಾಯುವ ಎಷ್ಟೋ ದನಗಳ ಎದುರು, ಅಳುವ ಎಷ್ಟೋ ಹೆಂಗಸರ ಎದುರು ಸುಳ್ಳು ಹೇಳದ ಜನಾರ್ದನರು ಅವಳ ಕಡೆಗೆ ತಿರುಗಿದರು. 

"ಹ್ಞೂಂ, ಬಂದಿದ್ದಾರೆ" ಎಂದರು. ಎಂದು, ಬಾಗಿಲಿನಿಂದ ಸ್ವಲ್ಪ ಸರಿದು ಮಕ್ಕಳಿಗೆ ದಾರಿ ಬಿಟ್ಟರು.